ಮದುಮಗಳ ಕೊರಳಂಚು

ಚರ್ಮದ ಅಂಟು ಕರಗುವ ವಾಸನೆ ಎಲ್ಲೇ ಮೂಗಿಗೆ ತಾಕಿದರೂ ನಾನು ಮತ್ತೆ ಹದಿನಾರು ವರ್ಷದ ಹುಡುಗಿಯಾಗಿಬಿಡುತ್ತೇನೆ. ಜಿಂಕೆಯ ಚರ್ಮ ಬೇಯಿಸಿ ಒಣಗಿಸಿದ ಕಡ್ಡಿಗಳು ಅವು. ಶಿಗೆ ಅತ್ತೆ ಅವನ್ನು ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಸಣ್ಣ ಕೆಂಡದ ಮೇಲೆ ಕರಗಿಸುತ್ತಿದ್ದಳು. ಆ ವಾಸನೆ ಮಹಡಿಯ ಕೋಣೆಯಿಂದ ಮೆಟ್ಟಿಲಿಳಿದು ಅಡುಗೆಮನೆಗೆ ಬಂದು, ಅನ್ನದ ಹಬೆಯ ಜೊತೆ ಸೇರಿಕೊಳ್ಳುತ್ತಿತ್ತು. ನನಗೆ ಅದು ಮನೆಯ ವಾಸನೆ. ಉಳಿದವರಿಗೆ ಹಾಗಿರಲಿಲ್ಲ.

"ಶುರುವಾಯ್ತಾ? ಮನೇಲಿ ಹೆಣ ಇಟ್ಕೊಂಡಿದ್ದೀರಾ ಅಂತ ಪಕ್ಕದವ್ರು ಕೇಳ್ತಾರೆ, ನೋಡ್ತಿರು," ಎನ್ನುತ್ತಿದ್ದಳು ಅಜ್ಜಿ.

ಅಂಟು ಕರಗಿದ ಮೇಲೆ ಅತ್ತೆ ಕಪ್ಪೆಚಿಪ್ಪಿನ ಬಿಳಿ ಪುಡಿಯನ್ನು ಅದರಲ್ಲಿ ಕಲಸಿ, ಉಂಡೆ ಮಾಡಿ, ಪಿಂಗಾಣಿ ತಟ್ಟೆಗೆ ಎತ್ತಿ ಎತ್ತಿ ಬಡಿಯುತ್ತಿದ್ದಳು. ನೂರು ಸಲ. ಹಾಗೆ ಬಡಿಯದಿದ್ದರೆ ಆ ಬಿಳಿ ಬಣ್ಣ ಬಳಿದ ಚಿತ್ರದ ಹೆಂಗಸಿನ ಮುಖ ವರ್ಷದೊಳಗೆ ಬಿರುಕು ಬಿಡುತ್ತದೆ. ಕೆಳಗೆ ಕೂತ ಅಜ್ಜಿ ಆ ಟಪ್ ಟಪ್ ಸದ್ದಿಗೆ ಸರಿಯಾಗಿ ತಲೆಯಾಡಿಸುತ್ತಾ, "ತಿನ್ನೋಕಾಗದ ಹಿಟ್ಟು ಬಡೀತಾಳೆ ನನ್ನ ಮಗಳು. ಮೂವತ್ತೆರಡು ವರ್ಷ. ಬೇರೆಯವ್ರ ಹೆಣ್ಮಕ್ಕಳು ಈ ವಯಸ್ಸಿಗೆ ಸೊಸೆ ಹುಡುಕ್ತಾರೆ," ಎನ್ನುತ್ತಿದ್ದಳು.

ಗೊಜೊ ಸೇತುವೆಯ ಹತ್ತಿರ ನಮ್ಮದು ಬೀಸಣಿಗೆಯ ಅಂಗಡಿ. ಅಪ್ಪ ಜಿಂಬೇ ಅದರ ಯಜಮಾನ. ಅವನ ತಂಗಿ ಶಿಗೆ ಅತ್ತೆ ಹದಿನಾಲ್ಕನೆಯ ವಯಸ್ಸಿನಿಂದ ಆ ಅಂಗಡಿಯ ಬೀಸಣಿಗೆಗಳಿಗೆ ಚಿತ್ರ ಬರೆದವಳು. ದಿನಕ್ಕೆ ಮೂವತ್ತು. ಅಲೆ, ಹುಲ್ಲು, ಮಿಂಚುಹುಳ, ಕೂದಲು ಬಾಚಿಕೊಳ್ಳುವ ಹೆಣ್ಣು. ಒಂದರ ಮೇಲೂ ಅವಳ ಹೆಸರಿನ ಮುದ್ರೆ ಇರಲಿಲ್ಲ. ಮಧ್ಯಾಹ್ನದವರೆಗೆ ಬೀಸಣಿಗೆ, ಆಮೇಲೆ ಮಹಡಿಯ ಕೋಣೆಯಲ್ಲಿ ರೇಷ್ಮೆಯ ಮೇಲೆ ಅವಳದೇ ಚಿತ್ರ. ಅದು ತಾತ ಸಾಯುವ ಮೊದಲು ಮಾಡಿಹೋದ ಏರ್ಪಾಡು. ಅಪ್ಪನಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.

ಅತ್ತೆ ಬರೆಯುತ್ತಿದ್ದದ್ದು ಹೆಂಗಸರನ್ನು. ಆಗ ನಮ್ಮೂರಿನಲ್ಲಿ ಹೆಂಗಸರ ಚಿತ್ರ ಬರೆಯುವವರೆಲ್ಲ ಗಂಡಸರು. ಅವರಿಗೆ ಮಾದರಿಗೆ ಬೇಕಾದಷ್ಟು ಹುಡುಗಿಯರು ಸಿಗುತ್ತಿದ್ದರು. ಅತ್ತೆಗೆ ಯಾರು ಬರಬೇಕು? ತಾನೇ ನನ್ನ ಅಮ್ಮನ ಮದುವೆಯ ಕಿಮೊನೊ ತೊಟ್ಟು ಕನ್ನಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಕುಂಚ ಹಿಡಿದು ಬರೆದುಕೊಳ್ಳುತ್ತಿದ್ದಳು. ಮೆಟ್ಟಿಲ ಬಾಯಿಯಲ್ಲಿ ನಿಂತು ಇಣುಕಿದ ಅಪ್ಪ, "ಗಿರಾಕಿ ಇಲ್ಲದ ನಾಟಕ," ಎಂದು ನಕ್ಕು ಇಳಿದುಹೋಗುತ್ತಿದ್ದ.

ನಾನು ಚಿಕ್ಕವಳಿದ್ದಾಗ ಒಮ್ಮೆ ಅವಳ ಪಕ್ಕ ನಿಂತು ಕನ್ನಡಿ ನೋಡಿದೆ. ಏನೋ ಸರಿ ಕಾಣಲಿಲ್ಲ.

"ಅತ್ತೆ, ನಿನ್ನ ಕೊರಳಂಚು ಉಲ್ಟಾ ಇದೆ."

"ಕನ್ನಡಿ ಹಾಗೇ ಕಣೆ ಮಿಯೊ. ಅದರೊಳಗೆ ಎಲ್ರೂ ಸತ್ತವರೇ. ಕಾಗದಕ್ಕೆ ಇಳಿಸೋವಾಗ ನಾವು ಬದುಕಿಸ್ಬೇಕು."

ಬದುಕಿರುವವರು ಕಿಮೊನೊದ ಎಡಮಗ್ಗುಲ ಕೊರಳಂಚನ್ನು ಬಲದ ಮೇಲೆ ತಂದು ಉಡುತ್ತಾರೆ. ಬಲಮಗ್ಗುಲನ್ನು ಮೇಲೆ ತಂದು ಉಡಿಸುವುದು ಹೆಣಕ್ಕೆ ಮಾತ್ರ. ಮೂರು ವರ್ಷದ ಮಗು ತಪ್ಪಿ ಹಾಗೆ ಸುತ್ತಿಕೊಂಡರೂ ಅಮ್ಮಂದಿರು ಓಡಿಬಂದು ಬಿಚ್ಚಿ ಸರಿಮಾಡುತ್ತಾರೆ.

ನನಗೆ ಹದಿನಾರು ತುಂಬಿದ ವರ್ಷ, ಬೇಸಿಗೆಯ ಹಬ್ಬದ ಡೋಲುಗಳು ನಿಂತು ಎರಡು ದಿನವಾಗಿತ್ತು. ರೇಷ್ಮೆ ವ್ಯಾಪಾರಿ ಓಗಿನೊ ಅವರ ಮನೆಯಿಂದ ಅಪ್ಪನಿಗೆ ಬರಹೇಳಿದರು. ಅವರ ಮಗಳಿಗೆ ಅಕ್ಟೋಬರಿನಲ್ಲಿ ಮದುವೆ. ಬಂದವರಿಗೆ ಕೊಡಲು ನೂರಿಪ್ಪತ್ತು ಬೀಸಣಿಗೆ ಬೇಕು, ಜೊತೆಗೆ ದೊಡ್ಡ ಕೋಣೆಯಲ್ಲಿ ತೂಗುಹಾಕಲು ಮದುಮಗಳ ಒಂದು ಚಿತ್ರವೂ. ಅಪ್ಪ ಮುಖವೆಲ್ಲ ಬಾಯಾಗಿ ಮನೆಗೆ ಬಂದ. ಅಂದು ಊಟಕ್ಕೆ ಅಮ್ಮ ತಣ್ಣಗಿನ ತೋಫು, ಉಪ್ಪಿನಲ್ಲಿಟ್ಟ ಬದನೆಕಾಯಿ ಬಡಿಸಿದ್ದಳು.

"ಶಿಗೆ, ಚಿತ್ರ ನೀನು ಬರಿ. ಮುದ್ರೆ ಎಯ್ಕಿಚಿದು ಹಾಕು," ಎಂದ ಅಪ್ಪ.

ಎಯ್ಕಿಚಿ ನನ್ನ ಅಣ್ಣ. ಇಪ್ಪತ್ತೊಂದು ವರ್ಷ. ಮೂರು ವರ್ಷದಿಂದ ಚಿತ್ರಶಾಲೆಗೆ ಹೋಗುತ್ತಿದ್ದ. ಕುಂಚಕ್ಕಿಂತ ಟೋಪಿಗೆ ಹೆಚ್ಚು ಖರ್ಚು ಮಾಡುತ್ತಿದ್ದ. ಹುಲಿ ಬರೆಯುತ್ತಿದ್ದ. ಹುಲಿಗಳೆಲ್ಲ ನೆಗಡಿಯಾದ ಬೆಕ್ಕಿನಂತಿದ್ದವು.

"ನಾನು ಬರೆದ್ರೆ ನನ್ನ ಮುದ್ರೆ ಅಣ್ಣ," ಅಂದಳು ಅತ್ತೆ.

"ಮದುವೆ ಮನೇಲಿ ಮದುವೆ ಆಗ್ದೇ ಉಳಿದವಳ ಹೆಸರಾ? ಶರತ್ಕಾಲದ ಬೀಸಣಿಗೆ ನೀನು, ಸೆಕೆ ಹೋದ್ಮೇಲೆ ಯಾರಿಗೂ ಬೇಡ. ನಿನ್ನ ಹೆಸರು ನೋಡಿದ್ರೆ ಮದುಮಗ ಬಂದ ದಾರೀಲೇ ವಾಪಸ್ ಹೋಗ್ತಾನೆ."

ಎಯ್ಕಿಚಿ ಬದನೆಕಾಯಿ ಬಾಯಲ್ಲಿಟ್ಟುಕೊಂಡೇ ನಕ್ಕ. ಅತ್ತೆ ಅವನ ಕಡೆ ನೋಡಿದಳು.

"ಹಾಗಾದ್ರೆ ಅವನೇ ಬರೀಲಿ. ಟೋಕಿಯೊ ಪ್ರದರ್ಶನಕ್ಕೆ ಕಳ್ಸೋ ಚಿತ್ರ ನನಗಿದೆ. ಅದು ಮುಗೀಬೇಕು."

"ಟೋಕಿಯೊ!" ಅಜ್ಜಿ ಬಟ್ಟಲು ಕೆಳಗಿಟ್ಟಳು. "ಸೇತುವೆ ಆಚೆ ನಿನ್ನನ್ನ ಯಾರು ಕೇಳ್ತಾರೆ ಅಂತ ಟೋಕಿಯೊ?"

ಅಪ್ಪ ಊಟದ ಕಡ್ಡಿಗಳನ್ನು ಜೋಡಿಸಿಟ್ಟು ತೀರ್ಪು ಕೊಟ್ಟ. ಮದುಮಗಳ ಚಿತ್ರ ಎಯ್ಕಿಚಿಯೇ ಬರೆಯಲಿ. ಸೆಪ್ಟೆಂಬರಿನಲ್ಲಿ ಹಿರಿಯರ ಪೂಜೆ ಮುಗಿದ ಕೂಡಲೇ ಮಹಡಿಯ ಕೋಣೆ ಎಯ್ಕಿಚಿಗೆ. ಅತ್ತೆ ಅಂಗಡಿಯ ಹಿಂದೆ, ಬಿದಿರುಕಡ್ಡಿಗೆ ಕಾಗದ ಅಂಟಿಸುವವರ ಪಕ್ಕ ಕೂತು ಸಂಜೆಯವರೆಗೂ ಬೀಸಣಿಗೆ ಬರೆಯಬೇಕು. ಅಲ್ಲಿ ಬೆಳಕಿಲ್ಲ, ಐದಡಿ ಉದ್ದದ ರೇಷ್ಮೆಯ ಚೌಕಟ್ಟು ನಿಲ್ಲಿಸಲು ಜಾಗವೂ ಇಲ್ಲ. ಆ ಕೋಣೆ ಹೋದರೆ ಅತ್ತೆಯ ಚಿತ್ರವೂ ಹೋದಂತೆ. ಊಟಕ್ಕೆ ಕೂತ ಎಲ್ಲರಿಗೂ ಅದು ಗೊತ್ತಿತ್ತು.

"ಅಮ್ಮ, ನೀನೇನಾದ್ರೂ ಹೇಳು," ಎಂದು ಅತ್ತೆ ಅಜ್ಜಿಯ ಕಡೆ ತಿರುಗಿದಳು.

"ನಾನೇನು ಹೇಳ್ಲಿ? ಚಹಾ ಆರ್ತಿದೆ, ಕುಡಿ."

ಮರುದಿನದಿಂದ ಅತ್ತೆ ಊಟಕ್ಕೆ ತಡವಾಗಿ ಇಳಿಯತೊಡಗಿದಳು. ಅಜ್ಜಿಯ ಮನೆಯಲ್ಲಿ ಒಂದು ನಿಯಮವಿತ್ತು: ಅನ್ನ ಮೆಟ್ಟಿಲು ಹತ್ತುವುದಿಲ್ಲ. ಹಸಿದವರು ಇಳಿದು ಬರಬೇಕು. ತಡವಾದರೆ ಉಳಿದದ್ದು, ಉಳಿಯದಿದ್ದರೆ ಇಲ್ಲ. ಜ್ವರ ಬಂದ ತಾತನೂ ಗೋಡೆ ಹಿಡಿದು ಇಳಿದು ಬಂದು ಗಂಜಿ ಕುಡಿದಿದ್ದನಂತೆ. ಅತ್ತೆ ಬರುವ ಹೊತ್ತಿಗೆ ತಣ್ಣನ್ನ, ಉಪ್ಪಿನಕಾಯಿಯ ಎರಡು ಹೋಳು. ಅಮ್ಮ ಆ ಮನೆಯಲ್ಲಿ ಜೋರಾಗಿ ಮಾತಾಡಿದವಳೇ ಅಲ್ಲ. ಆದರೆ ಅತ್ತೆಯ ಬಟ್ಟಲಿನ ಅನ್ನದ ತಳದಲ್ಲಿ ಒಂದು ತುಂಡು ಮೊಟ್ಟೆಯೋ ಮೀನೋ ಹೂತಿರುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅತ್ತೆ ಅದನ್ನು ಕಂಡರೂ ಕಾಣದವಳಂತೆ ತಿಂದು, ಅಮ್ಮನ ಪಾತ್ರೆಗಳನ್ನೂ ತೊಳೆದಿಟ್ಟು ಮೇಲೆ ಹೋಗುತ್ತಿದ್ದಳು.

ಆಗಸ್ಟಿನಲ್ಲಿ ಎಯ್ಕಿಚಿ ತನ್ನ ಬಣ್ಣದ ಪೆಟ್ಟಿಗೆಗಳನ್ನು ಮಹಡಿಗೆ ಸಾಗಿಸತೊಡಗಿದ. ಕೋಣೆ ಇನ್ನೂ ಸಿಕ್ಕಿರಲಿಲ್ಲ. ಅರ್ಧ ಕೋಣೆಯನ್ನು ಟೋಪಿಗಳೇ ಹಿಡಿದಿದ್ದವು. ಹದಿನೈದು ದಿನ ರೇಷ್ಮೆಯ ಮುಂದೆ ಕೂತು ಅವನು ಬರೆದದ್ದು ಒಂದು ಬಾಗಿಲು.

"ಮದುಮಗಳೆಲ್ಲೋ?" ಎಂದು ಕೇಳಿದೆ.

"ಬಾಗಿಲ ಹಿಂದೆ ಇದಾಳೆ. ಅದೇ ಕಲೆ. ನಿನಗೆ ತಿಳಿಯಲ್ಲ ಬಿಡು."

ಆದರೆ ಬಾಗಿಲ ಹಿಂದೆ ಇರುವ ಮದುಮಗಳಿಗೆ ಓಗಿನೊ ಅವರು ಹಣ ಕೊಡುವುದಿಲ್ಲವೆಂದು ಅವನಿಗೂ ತಿಳಿಯಿತು. ಅತ್ತೆಯ ಹಳೆಯ ಕರಡುಗಳ ಸುರುಳಿಯಲ್ಲಿ ಮದುಮಗಳೊಬ್ಬಳಿದ್ದಳು: ಕೂತಿದ್ದಾಳೆ, ಬಲಗೈಯಲ್ಲಿ ಮಡಚಿದ ಬೀಸಣಿಗೆ, ಮುಖ ಎಡಕ್ಕೆ. ಕರಡನ್ನು ಚೌಕಟ್ಟಿನ ಕೆಳಗಿಟ್ಟು, ರೇಷ್ಮೆಯ ಮೂಲಕ ಕಾಣುವ ಗೆರೆಗಳ ಮೇಲೆ ಮಸಿ ಎಳೆಯುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಆದರೆ ಹಾಗೇ ಎಳೆದರೆ ಅತ್ತೆಗೆ ಗುರುತು ಸಿಗುತ್ತದೆ. ಎಯ್ಕಿಚಿ ಜಾಣ. ಅವನು ಕರಡನ್ನು ಮಗುಚಿ ಹಾಕಿದ. ತೆಳು ಕಾಗದ, ಹಿಂಬದಿಯಿಂದಲೂ ಗೆರೆ ಕಾಣುತ್ತಿತ್ತು. ಮದುಮಗಳ ಮುಖ ಬಲಕ್ಕೆ ತಿರುಗಿತು. ಬೇರೆಯೇ ಹೆಣ್ಣಾದಳು.

ತನ್ನ ಕಿಮೊನೊವನ್ನು ಈಗಲೂ ಅಮ್ಮನ ಕೈಯಿಂದ ತೊಡಿಸಿಕೊಳ್ಳುತ್ತಿದ್ದವನಿಗೆ ಇನ್ನೇನು ತಿರುಗಿತೆಂದು ಹೊಳೆಯಲೇ ಇಲ್ಲ.

ಸೆಪ್ಟೆಂಬರಿನ ಮೊದಲ ವಾರ ಚಿತ್ರ ಕೆಳಗೆ ಬಂತು. ಅಪ್ಪ ಅದನ್ನು ಅಂಗಡಿಯ ಹಿಂದಿನ ಗೋಡೆಗೆ ಆನಿಸಿದ. ಅಲ್ಲಿ ನಡುಹಗಲಲ್ಲೂ ಮಬ್ಬು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಚಿನ್ನದ ಹೊಳಪು ಕಂಡು "ಥಳಥಳ ಅಂತಿದೆ" ಎಂದಳು. ಅಮ್ಮ ಚಹಾ ತರಲು ಹೋಗಿದ್ದಳು. ಬಾಗಿಲಲ್ಲಿ ನಿಂತ ನನಗೆ ಎಲ್ಲರ ಬೆನ್ನಷ್ಟೇ ಕಾಣುತ್ತಿತ್ತು. ಅತ್ತೆ ಬೀಸಣಿಗೆಯ ಮುಂದಿನಿಂದ ಎದ್ದು ಬಂದು, ಚಿತ್ರದ ಎದುರು ಸ್ವಲ್ಪ ಹೊತ್ತು ನಿಂತಳು. ತನ್ನ ಗೆರೆ ಅವಳಿಗೆ ತಿಳಿಯದೆ ಇರುತ್ತದೆಯೇ? ಆದರೆ ಆ ಮಾತು ಎತ್ತಲಿಲ್ಲ.

"ಎಯ್ಕಿಚಿ, ಆ ಕೊರಳಂಚು..." ಎಂದಳು.

"ಬಂತು ನೋಡಿ ಹೊಲಿಗೆ ಪಾಠ!" ಎಯ್ಕಿಚಿ ಚಪ್ಪಾಳೆ ತಟ್ಟಿದ. "ಅತ್ತೆ, ಇದು ಚಿತ್ರ. ದರ್ಜಿ ಅಂಗಡಿ ಅಲ್ಲ."

"ಹೊಟ್ಟೆಕಿಚ್ಚು ಇಷ್ಟು ಬೇಗ ವಾಸನೆ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಎಂದ ಅಪ್ಪ. "ನಿನ್ನ ಅಂಟಿಗಿಂತ ಜೋರಾಗಿದೆ. ಹೋಗು, ಓಗಿನೊ ಅವ್ರ ಬೀಸಣಿಗೆ ಇನ್ನೂ ಎಪ್ಪತ್ತಿದೆ."

ಅತ್ತೆ ಹೋಗಿ ಕೂತಳು. ಚಿತ್ರ ಅಂದೇ, ಅದನ್ನು ತೂಗುಹಾಕುವ ಸುರುಳಿಯಾಗಿ ಕಟ್ಟುವವನ ಬಳಿಗೆ ಹೋಯಿತು. ಅವನು ಆ ಕೊರಳಂಚನ್ನು ಕಂಡೇ ಇದ್ದ. ಆದರೆ ನಮ್ಮೂರಿನಲ್ಲಿ ಗಿರಾಕಿಯ ತಪ್ಪನ್ನು ಬಾಯಿಬಿಟ್ಟು ಹೇಳುವ ಅಸಭ್ಯತೆ ಯಾರಿಗೂ ಇಲ್ಲ. "ಇದು ಯಾವ ಸಮಾರಂಭಕ್ಕೆ ಅಂದ್ರಿ?" ಎಂದು ಎರಡು ಸಲ ಕೇಳಿದನಂತೆ. ಅಪ್ಪ ಎರಡು ಸಲವೂ ಹೆಮ್ಮೆಯಿಂದ ಉತ್ತರಿಸಿದ್ದ. ತಯಾರಾದ ಸುರುಳಿ ಅಲ್ಲಿಂದಲೇ ಓಗಿನೊ ಅವರ ಮನೆಗೆ ಹೋಯಿತು.

ಮೂರನೆಯ ದಿನ ಓಗಿನೊ ಅವರ ಹೆಂಡತಿಯೇ ಅಂಗಡಿಗೆ ಬಂದರು. ಜೊತೆಗೆ ಬಂದ ಕೆಲಸದವಳ ಕೈಯಲ್ಲಿ ಉದ್ದನೆಯ ಪೆಟ್ಟಿಗೆ. ಆಕೆ ಕೂತು, ಚಹಾ ಕುಡಿದು, ಸೆಕೆ ಇನ್ನೂ ಇಳಿದಿಲ್ಲವೆಂದು ಹೇಳಿ, ನಮ್ಮ ಅಂಗಳದ ಜರೀಗಿಡವನ್ನು ಹೊಗಳಿದರು.

"ಚಿತ್ರ ನೋಡಿದ್ವಿ. ಎಂಥಾ ಶಾಂತವಾದ ಮುಖ! ನಮ್ಮತ್ತೆಯವ್ರು ತೀರ್ಕೊಂಡಾಗ ಥೇಟ್ ಹೀಗೇ ಮಲಗಿದ್ರು. ಬಟ್ಟೆನೂ ಹೀಗೇ ಉಡಿಸಿದ್ವಿ."

"ಹಾಂ?" ಎಂದ ಅಪ್ಪ.

"ನಮ್ಮ ಹುಡುಗೀಗೂ ತೋರಿಸ್ದೆ. ಎರಡು ದಿನ ಊಟ ಬಿಟ್ಟಿದಾಳೆ. ಅಷ್ಟು ಮನಸ್ಸಿಗೆ ಹಿಡೀತು." ಆಕೆ ಪೆಟ್ಟಿಗೆಯನ್ನು ಬೆರಳ ತುದಿಯಿಂದ ಅಪ್ಪನ ಕಡೆ ಸರಿಸಿದರು. "ಇಷ್ಟು ಅಪರೂಪದ್ದನ್ನ ಮದುವೇಲಿ ಯಾಕೆ ಹಾಳು ಮಾಡೋದು ಅಂತ ತಂದೆ. ನಿಮ್ಮನೇಲೇ ಇರ್ಲಿ. ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತೆ. ಮಗನೇ ಬರೆದದ್ದಲ್ವಾ? ಈ ವಯಸ್ಸಿಗೇ ಎಷ್ಟು ದೂರದ ಯೋಚನೆ!"

ಅಪ್ಪನ ಹಣೆ ಚಾಪೆಗೆ ತಾಗಿತ್ತು. ಎಯ್ಕಿಚಿ ಪರದೆಯ ಹಿಂದಿನಿಂದ ಹಿತ್ತಲಿಗೆ ಜಾರಿದ. ಆಕೆ ಎದ್ದು ಚಪ್ಪಲಿ ಮೆಟ್ಟುತ್ತಾ, ಆಗ ತಾನೇ ನೆನಪಾದಂತೆ ಹೇಳಿದರು.

"ಹೋದ ಬೇಸಿಗೇಲಿ ಇಲ್ಲೇ ಒಂದು ಬೀಸಣಿಗೆ ತಗೊಂಡಿದ್ದೆ. ಕೂದಲು ಬಾಚ್ಕೊಳ್ತಿರೋ ಹೆಣ್ಣು. ಆ ಕೈ ಯಾರದು? ಅವ್ರಿಗೆ ಬಟ್ಟೆ ಉಡೋಕೆ ಬರುತ್ತೆ. ಅವ್ರಿಗೆ ಪುರುಸೊತ್ತಿದ್ರೆ ಹೇಳಿ ಕಳ್ಸಿ. ಇಲ್ದಿದ್ರೆ ಬೀಸಣಿಗೇನೂ ಬೇಡ."

ಆಕೆ ಹೋದ ಮೇಲೆ ಅಪ್ಪ ಸುರುಳಿಯನ್ನು ಬಾಗಿಲ ಬೆಳಕಿಗೆ ಹಿಡಿದು ಬಿಡಿಸಿದ. ಮದುಮಗಳು ಬಲ ಅಂಚನ್ನು ಮೇಲೆ ಮಾಡಿಕೊಂಡು, ಎಡಗೈಯಲ್ಲಿ ಬೀಸಣಿಗೆ ಹಿಡಿದು, ಸುಖವಾಗಿ ಸತ್ತು ಕೂತಿದ್ದಳು.

"ತೋಸೆ!" ಎಂದು ಅಮ್ಮನ ಮೇಲೆ ಕೂಗಿದ ಅಪ್ಪ. "ನೀನು ಹೆಂಗಸಲ್ವಾ? ಕಣ್ಣಿರ್ಲಿಲ್ವಾ?"

"ನನಗೆ ನೀವು ತೋರಿಸ್ಲಿಲ್ಲ. ಚಹಾ ತರೋಕೆ ಕಳಿಸಿದ್ರಿ," ಎಂದಳು ಅಮ್ಮ. ಅವಳು ಅವನಿಗೆ ಅಷ್ಟು ಉದ್ದದ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆ ಯಾರೂ ಸರಿಯಾಗಿ ಉಣ್ಣಲಿಲ್ಲ. ಎಯ್ಕಿಚಿ ಮಾತ್ರ ಎರಡು ಬಟ್ಟಲು ಉಂಡ. ಅವಮಾನ ಅವನ ಹೊಟ್ಟೆಯವರೆಗೆ ಇಳಿಯುತ್ತಿರಲಿಲ್ಲ. ಅಪ್ಪ ಅತ್ತೆಯ ಕಡೆ ತಿರುಗಿದ.

"ನಿನಗೆ ಗೊತ್ತಿತ್ತು. ಬೇಕು ಅಂತ ಸುಮ್ನಿದ್ದೆ."

"ಹೇಳೋಕೆ ಹೋದೆ. ದರ್ಜಿ ಅಂಗಡಿ ಅಂದ್ರಿ."

"ಎರಡನೇ ಸಲ ಹೇಳ್ಬೇಕಾಗಿತ್ತು!"

"ಈ ಮನೇಲಿ ನನ್ನ ಮಾತು ಒಂದು ಸಲ ಕೇಳಿಸೋದೇ ಹಬ್ಬ ಅಣ್ಣ. ಎರಡು ಸಲ ಆಡಿ ಅಭ್ಯಾಸ ಇಲ್ಲ."

ಅಪ್ಪ ಕೆಮ್ಮಿದ. ಸುತ್ತಿ ಬಳಸಿ ವಿಷಯಕ್ಕೆ ಬಂದ. ಮೇಲೆ ಆ ಟೋಕಿಯೊ ಚಿತ್ರ ಮುಗಿಯುತ್ತಾ ಬಂದಿದೆಯಲ್ಲ, ಅದೂ ಹೆಣ್ಣಿನದೇ ಅಲ್ಲವೇ, ಅದನ್ನೇ ಓಗಿನೊ ಅವರಿಗೆ ಕೊಟ್ಟುಬಿಟ್ಟರೆ ಹೇಗೆ? ಎಯ್ಕಿಚಿಯ ಮುದ್ರೆ ಹಾಕಿ.

"ಅದು ಟೋಕಿಯೊಗೆ," ಎಂದಳು ಅತ್ತೆ. "ಬೇರೆ ಬರೀತೀನಿ. ಎಂಟು ದಿನ ಕೊಡಿ. ಮುದ್ರೆ ನನ್ನದು. ಕೋಣೆ ನನ್ನದು. ಆ ಟೋಪಿಗಳು ಇವತ್ತೇ ಇಳೀಬೇಕು."

"ಸೊಕ್ಕು! ಅಮ್ಮ, ಕೇಳಿದ್ಯಾ ನಿನ್ನ ಮಗಳ ಸೊಕ್ಕು? ಮದುವೆ ಮನೇಲಿ ಇವಳ ಮುದ್ರೆಯಂತೆ!"

ಅಜ್ಜಿ ಹಲ್ಲಿನ ಸಂದಿಯ ಟರ್ನಿಪ್ ಚೂರನ್ನು ನಾಲಿಗೆಯಿಂದ ತೆಗೆಯುತ್ತಿದ್ದಳು. ಅದು ಮುಗಿಯುವವರೆಗೆ ಎಲ್ಲರೂ ಕಾದರು.

"ಜಿಂಬೇ, ನೀನು ಹುಟ್ಟಿದಾಗ ಸೂಲಗಿತ್ತಿ ನಿನ್ನ ತಲೆ ದೊಡ್ಡದು ಅಂದಿದ್ಲು. ಒಳಗೇನಿದೆ ಅಂತ ಅವಳು ನೋಡಿರ್ಲಿಲ್ಲ," ಎಂದಳು. "ನಿನ್ನ ಮಗನ ಮುದ್ರೆ ಇರೋ ಇನ್ನೊಂದು ಚಿತ್ರ ಓಗಿನೊ ಮನೆ ಹೊಸ್ತಿಲು ದಾಟುತ್ತಾ? ಹೆಣಕ್ಕೆ ಉಡಿಸೋನು ಮತ್ತೆ ಬಂದ ಅಂತ ಮೈಲಿಗೆ ಕಳೆಯೋಕೆ ಉಪ್ಪು ಎರಚ್ತಾರೆ. ಹೆಣದ ಮುಂದೆ ಮದುವೆ ಆಗದವಳು ಎಷ್ಟೋ ವಾಸಿ. ಅವಳ ಮುದ್ರೆನೇ ಹಾಕು."

"ಮತ್ತೆ ಕೋಣೆ?" ಎಂದ ಎಯ್ಕಿಚಿ.

"ನಿನಗ್ಯಾಕೋ ಕೋಣೆ? ಬಾಗಿಲು ಬರೆಯೋಕಾ? ಬಚ್ಚಲ ಬಾಗಿಲು ಇದೆ, ಅದರ ಮುಂದೆ ಕೂತ್ಕೋ."

ಅತ್ತೆಯನ್ನು ಅಜ್ಜಿ ಹೊಗಳಲಿಲ್ಲ. ಅವಳ ಕಡೆ ನೋಡಲೂ ಇಲ್ಲ. "ನೀನೂ ಹಿಗ್ಗಬೇಡ. ನಾಳೆಯಿಂದ ಆ ದರಿದ್ರ ವಾಸನೆ ಎರಡರಷ್ಟು ಬರುತ್ತೆ, ನನ್ನ ಕರ್ಮ," ಎಂದು ಗೊಣಗಿ ಹಾಸಿಗೆಗೆ ಹೋದಳು. ಅಪ್ಪ ಬೆಳಿಗ್ಗೆ ಓಗಿನೊ ಅವರ ಮನೆಗೆ ಹೋಗಿ, ಕೂದಲು ಬಾಚುವ ಹೆಣ್ಣನ್ನು ಬರೆದದ್ದು ತನ್ನ ತಂಗಿಯೆಂದು ಹೇಳಿಬರಬೇಕಾಯಿತು. ಆ ವಾಕ್ಯವನ್ನು ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿರಬೇಕು. ಎಯ್ಕಿಚಿ ಒಂದೊಂದೇ ಟೋಪಿ ಇಳಿಸಿದ.

ಅತ್ತೆ ಅಮ್ಮನ ಮದುವೆಯ ಕಿಮೊನೊ ತೊಟ್ಟು ಮತ್ತೆ ಕನ್ನಡಿಯ ಮುಂದೆ ನಿಂತಳು. ಈ ಸಲ ಮೆಟ್ಟಿಲ ಬಾಯಿಯಲ್ಲಿ ನಿಂತು ಯಾರೂ ನಗಲಿಲ್ಲ. ಕೆಳಗೆ ಕೂತು ಬೈದರು. ಮೊದಲ ದಿನ ಕರಡು, ಎರಡನೆಯ ದಿನ ರೇಷ್ಮೆಯ ಮೇಲೆ ಮಸಿಗೆರೆ. ಮೂರನೆಯ ದಿನ ಮುಖಕ್ಕೆ ಬಿಳಿ ಹಚ್ಚಲು ಕೂತಳು. ಆ ಬಿಳಿಯನ್ನು ತೆಳ್ಳಗೆ, ಹದ ಆರುವ ಮೊದಲು, ಪದರದ ಮೇಲೆ ಪದರ ಹಾಕಬೇಕು. ನಡುವೆ ಎದ್ದು ಹೋದರೆ ಮದುಮಗಳ ಕೆನ್ನೆಯ ಮೇಲೆ ಕಲೆ ನಿಲ್ಲುತ್ತದೆ. ಬೆಳಗಿನ ಗಂಜಿಗೆ ಅತ್ತೆ ಇಳಿಯಲಿಲ್ಲ. ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ.

ಅಮ್ಮ ಎರಡು ಸಲ ಮೆಟ್ಟಿಲ ಕಡೆ ನೋಡಿ, ಅಜ್ಜಿಯ ಕಡೆ ನೋಡಿ, ಪಾತ್ರೆ ತೊಳೆಯಲು ಹೋದಳು.

"ಹಸಿವಾದ್ರೆ ಬರ್ತಾಳೆ," ಎಂದಳು ಅಜ್ಜಿ. "ನನ್ನ ಮನೇಲಿ ಅನ್ನಕ್ಕೆ ಕಾಲಿಲ್ಲ."

ನಾನು ಮಹಡಿಯಲ್ಲಿ ಕಿಟಕಿಯ ಕೆಳಗೆ ಕೂತು ಓದುತ್ತಿದ್ದೆ. ಮುಂದಿನ ವರ್ಷ ಟೋಕಿಯೊದ ಮಹಿಳಾ ಕಾಲೇಜಿಗೆ ಹೋಗಬೇಕೆಂದು ನನಗೂ ಆಸೆಯಿತ್ತು. ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಬಿಸಿಲು ಮೂರನೆಯ ಚಾಪೆಯ ಅಂಚಿಗೆ ಬಂದಾಗ ಮೆಟ್ಟಿಲು ಕಿರುಗುಟ್ಟಿತು. ಒಂದು ಮೆಟ್ಟಿಲು, ಆಮೇಲೆ ಬಹಳ ಹೊತ್ತು ಏನಿಲ್ಲ. ಮತ್ತೊಂದು ಮೆಟ್ಟಿಲು. ನಾನು ಎದ್ದು ನೋಡಿದೆ. ಅಜ್ಜಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಗೋಡೆಗೆ ಊರಿ, ಮಂಡಿಯನ್ನು ಒಂದೊಂದಾಗಿ ಎತ್ತಿಡುತ್ತಾ ಬರುತ್ತಿದ್ದಳು. ಹಿಡಿಯಲು ಹೋದ ನನ್ನನ್ನು ಗದ್ದದ ಸನ್ನೆಯಿಂದಲೇ ಆಚೆ ಸರಿಸಿದಳು.

ಹತ್ತಿ ಬಂದವಳು ಅತ್ತೆಯ ಹತ್ತಿರ ಹೋಗಲಿಲ್ಲ. ಮೊದಲು ಚೌಕಟ್ಟಿನ ಮುಂದೆ ಬಗ್ಗಿದಳು. ಮೂಗು ರೇಷ್ಮೆಗೆ ತಾಗುತ್ತದೇನೋ ಅನ್ನುವಷ್ಟು ಹತ್ತಿರ. ಅತ್ತೆ ಕುಂಚ ಹಿಡಿದ ಕೈಯನ್ನು ಮೇಲೆತ್ತಿ ಕೂತಳು. ಅಜ್ಜಿ ತೋರುಬೆರಳನ್ನು ಗಾಳಿಯಲ್ಲಿ, ಚಿತ್ರಕ್ಕೆ ತಾಗಿಸದೆ, ಮದುಮಗಳ ಎಡ ಭುಜದಿಂದ ಕೆಳಗೆ ಎಳೆದಳು. ಎಡ ಅಂಚು ಬಲದ ಮೇಲೆ ಬಂದು ಮುಚ್ಚುವ ಜಾಗದಲ್ಲಿ ಬೆರಳು ನಿಂತಿತು. ಇನ್ನೊಮ್ಮೆ ಎಳೆದು ನೋಡಿದಳು.

ಅತ್ತೆಯ ಎರಡೂ ಕೈ ಮಣಿಕಟ್ಟಿನವರೆಗೆ ಬೆಳ್ಳಗಿದ್ದವು. ತಟ್ಟೆಯಲ್ಲಿ ಕಡ್ಡಿಗಳಿರಲಿಲ್ಲ. ಒಂದೇ ತುತ್ತಿಗೆ ಹೋಗುವಂಥ ಪುಟ್ಟ ಪುಟ್ಟ ಅನ್ನದ ಉಂಡೆಗಳು, ಬದನೆಕಾಯಿಯ ಜೊತೆ ಬೇಯಿಸಿದ ಒಣಮೀನು. ಮೀನಿನ ಮುಳ್ಳುಗಳನ್ನೆಲ್ಲ ತೆಗೆದಿತ್ತು. ಪೊರೆ ಬಂದ ಕಣ್ಣಿಗೆ ಆ ಮುಳ್ಳುಗಳು ಕಾಣುವುದಿಲ್ಲ. ಬೆರಳಿನಿಂದ ಸವರಿ ಸವರಿ ಹುಡುಕಿ ತೆಗೆದಿರಬೇಕು.

ಅಜ್ಜಿ ತನ್ನ ಕಿಮೊನೊದ ತೋಳಿನಿಂದ ಅತ್ತೆಯ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಆ ಕೈಯ ಮುಂದೆ ತಟ್ಟೆ ಇಟ್ಟಳು.